ಷಡ್ಡಕನ ರಕ್ತದ ನಂಬರು

ಹೊಟ್ಟೆಕಿಚ್ಚು ಯಾರಿಗಿಲ್ಲ? ನನಗಿಲ್ಲ ಎಂದು ಎದೆ ತಟ್ಟಿ ಹೇಳುವವರಿಗೆ ಒಂದು ಹಿಡಿ ಜಾಸ್ತಿಯೇ ಇರುತ್ತದೆ. ಪಕ್ಕದವನ ಹೊಸ ಮನೆ ಕಂಡು, ಹೊಸ ಬೈಕು ಕಂಡು, ಹೇಳಿದ ಮಾತು ಕೇಳುವ ಮಕ್ಕಳನ್ನು ಕಂಡು ಕರುಬುವವರನ್ನು ನಾವೆಲ್ಲ ನೋಡಿದ್ದೇವೆ. ಇನ್ನೊಬ್ಬನ ಮೈಯೊಳಗೆ ಹರಿಯುವ ರಕ್ತ ಕಂಡು ಕರುಬಿದವನನ್ನು ನೋಡಿದ್ದೀರಾ? ಸೌಟಣ್ಣ ಅಂಥವನು. ಅವನು ತನ್ನ ಷಡ್ಡಕನ ರಕ್ತ ಕಂಡು ಒಂದು ದಿನವಲ್ಲ, ಎರಡು ದಿನವಲ್ಲ, ಹತ್ತಿರ ಹತ್ತಿರ ಒಂದು ವರ್ಷ ಉರಿದುಕೊಂಡ.

ಅವನು ಕೆಲಸ ಮಾಡುತ್ತಿದ್ದದ್ದು ಬ್ಯಾಟರಿ ಕಾರ್ಖಾನೆಯ ಎರಕದ ಕೋಣೆಯಲ್ಲಿ. ಬ್ಯಾಟರಿಯ ಹೊಟ್ಟೆಯೊಳಗೆ ಜಾಲರಿಯಂಥ ಸೀಸದ ತಟ್ಟೆಗಳಿರುತ್ತವಲ್ಲ, ಅವನ್ನು ಎರಕ ಹೊಯ್ಯುವ ಕೋಣೆ ಅದು. ಕೆಳಗೆ ಗ್ಯಾಸಿನ ಉರಿ, ಮೇಲೆ ಹೊಗೆ ಎಳೆಯುವ ತಗಡಿನ ಗೂಡು, ನಡುವೆ ಕರಗಿದ ಸೀಸದ ಕಡಾಯಿ. ಮೇಲೆ ಕಟ್ಟಿದ ಬೂದು ಕಿಟ್ಟವನ್ನು ಸೌಟಿನ ಬೆನ್ನಿಂದ ಪಕ್ಕಕ್ಕೆ ತಳ್ಳಿ, ಕೆಳಗಿನ ಥಳಥಳ ಸೀಸವನ್ನು ಮೊಗೆದು, ಅಚ್ಚಿನ ಬಾಯಿಗೆ ಒಂದೇ ಧಾರೆಯಲ್ಲಿ ಸುರಿಯಬೇಕು. ಧಾರೆ ತುಂಡಾಯಿತೋ, ಜಾಲರಿಯ ಒಂದು ಎಳೆ ಕೂಡುವುದಿಲ್ಲ, ತಟ್ಟೆ ಮತ್ತೆ ಕಡಾಯಿಗೆ. ಇಪ್ಪತ್ತಾರು ವರ್ಷದಿಂದ ಕೈಯಲ್ಲಿ ಆ ಉದ್ದ ಹಿಡಿಯ ಸೌಟು ಇದ್ದದ್ದಕ್ಕೆ ಅವನಿಗೆ ಆ ಹೆಸರು. ಹೆತ್ತವರಿಟ್ಟ ಹೆಸರು ಹಾಜರಿ ಪುಸ್ತಕಕ್ಕೆ ಬಿಟ್ಟು ಇನ್ನಾರಿಗೂ ನೆನಪಿರಲಿಲ್ಲ.

ಷಡ್ಡಕನನ್ನು ಆ ಕೋಣೆಗೆ ಕರೆತಂದವನು ಸೌಟಣ್ಣನೇ. ಹೆಂಡತಿಯ ತಂಗಿಯ ಗಂಡ, ಕೆಲಸವಿಲ್ಲದೆ ಕೂತಿದ್ದಾನೆ, ಪಾಪ ಎಂದು ಮ್ಯಾನೇಜರ ಕೈಕಾಲು ಹಿಡಿದು ಸೇರಿಸಿದ. ಸೌಟು ಹಿಡಿಯುವುದನ್ನು, ಮೊಣಕೈ ಮಡಿಸದೆ ಮಣಿಕಟ್ಟು ಮಾತ್ರ ತಿರುಗಿಸುವುದನ್ನು ಕಲಿಸಿದ. ಆರೇ ತಿಂಗಳಲ್ಲಿ ಷಡ್ಡಕನ ಜಾಲರಿಗಳು ಗುರುವಿನ ಜಾಲರಿಗಳಿಗಿಂತ ನೀಟಾಗಿ ಬರತೊಡಗಿದವು. ಕಲಿಸಿದವನಿಗೆ ಹೆಮ್ಮೆಯಾಗಬೇಕಿತ್ತು. ಆಗಲಿಲ್ಲ. ಅತ್ತೆಯ ಮನೆಗೆ ಹೋದರೆ ಅಲ್ಲೂ ಅದೇ ಕಥೆ. ಚಿಕ್ಕಳಿಯ ಬಂದರೆ ಅತ್ತೆ ಬಾಗಿಲಿಗೆ ಬರುತ್ತಿದ್ದಳು, ದೊಡ್ಡಳಿಯ ಬಂದರೆ ಒಳಗಿನಿಂದಲೇ "ಬಂದ್ರಾ?" ಎನ್ನುತ್ತಿದ್ದಳು. ಚಿಕ್ಕಳಿಯನದು ಮೆತ್ತಗಿನ ಮಾತು, ಅಕ್ಕಪಕ್ಕದವರಿಗೂ ಅವನೆಂದರೆ ಇಷ್ಟ. ಸೌಟಣ್ಣನ ಕೋಪ ಮೂಗಿನ ತುದಿಯಲ್ಲಿ. ಅದು ತನಗೂ ಗೊತ್ತಿದ್ದದ್ದರಿಂದ ಕೋಪ ಇನ್ನೂ ಜಾಸ್ತಿ.

ಇಷ್ಟೇ ಆಗಿದ್ದರೆ ಎಲ್ಲ ಮನೆಯಲ್ಲೂ ಇರುವ ಸಂಗತಿ ಎಂದು ಬಿಟ್ಟುಬಿಡಬಹುದಿತ್ತು. ಆದರೆ ಎರಕದ ಕೋಣೆಯ ಹಳೆಯ ಮೇಸ್ತ್ರಿ ಮುಂದಿನ ವರ್ಷ ಕೆಲಸ ಬಿಡುವವನಿದ್ದ. ಆ ಜಾಗ ಸೌಟಣ್ಣನಿಗೆ ಬೇಕಿತ್ತು. ಬೇಕಿತ್ತು ಅಂದರೆ ಹಾಗೆ ಹೀಗೆ ಅಲ್ಲ; ಇಪ್ಪತ್ತಾರು ವರ್ಷ ಉರಿಯ ಮುಂದೆ ನಿಂತವನಿಗೆ ಬದುಕಿನಲ್ಲಿ ಸಿಗಬಹುದಾದ ಒಂದೇ ಒಂದು ಮರ್ಯಾದೆ ಅದು. ಅದೂ ಷಡ್ಡಕನ ಪಾಲಾದರೆ ತಾನು ಯಾರಿಗೆ ಮುಖ ತೋರಿಸುವುದು?

ಇಬ್ಬರಲ್ಲಿ ಒಬ್ಬನನ್ನು ಆ ಜಾಗಕ್ಕೆ ಆರಿಸಲು ಮ್ಯಾನೇಜರು ಯಾರ ಮಾತಿಗೂ ಸಿಗದ ಒಂದು ಉಪಾಯ ಕಂಡುಕೊಂಡ. ಸೀಸದ ಜೊತೆ ಕೆಲಸ ಮಾಡುವವರ ರಕ್ತವನ್ನು ಮೂರು ತಿಂಗಳಿಗೊಮ್ಮೆ ಪರೀಕ್ಷೆಗೆ ಕಳಿಸುತ್ತಿದ್ದರು. ಸ್ನಾನದ ಕೋಣೆಯ ಪಕ್ಕದ ನೋಟೀಸ್ ಬೋರ್ಡಿನಲ್ಲಿ ಯಾರ ರಕ್ತದಲ್ಲಿ ಎಷ್ಟು ಸೀಸ ಎಂದು ನಂಬರು ಹಾಕುತ್ತಿದ್ದರು. ನಂಬರು ಐವತ್ತು ದಾಟಿದವನಿಗೆ ಕಡಾಯಿಯ ಹತ್ತಿರ ಜಾಗವಿಲ್ಲ, ಪ್ಯಾಕಿಂಗಿಗೆ ಹೋಗಬೇಕು. ಮ್ಯಾನೇಜರು ಆ ಬೋರ್ಡಿನ ಮುಂದೆ ನಿಂತು ಹೇಳಿದ: "ಮುಂದಿನ ಮೂರು ಪರೀಕ್ಷೇಲಿ ಯಾರ ನಂಬರು ಕಮ್ಮಿ ಇರತ್ತೋ ಅವ್ರೇ ಮೇಸ್ತ್ರಿ. ತನ್ನ ಮೈ ಶುದ್ಧ ಇಟ್ಕೊಳ್ಳೋನು ಕೋಣೇನೂ ಶುದ್ಧ ಇಟ್ಕೋತಾನೆ." ಎಲ್ಲರೂ ತಲೆದೂಗಿದರು. ಅಂದಿನಿಂದ ಆ ಬೋರ್ಡು ಶಾಲೆಯ ಪರೀಕ್ಷೆಯ ಫಲಿತಾಂಶದಂತಾಯಿತು.

ಮೊದಲ ಪರೀಕ್ಷೆ: ಸೌಟಣ್ಣ ನಲವತ್ತೊಂದು, ಷಡ್ಡಕ ಮೂವತ್ತೆಂಟು. ಹೋಗಲಿ, ಮೂರರ ಅಂತರ ಎಂದು ಸೌಟಣ್ಣ ಸಮಾಧಾನ ಮಾಡಿಕೊಂಡ. ಎರಡನೆಯದು ಬಂತು: ಸೌಟಣ್ಣ ನಲವತ್ತನಾಲ್ಕು, ಷಡ್ಡಕ ಮೂವತ್ತಮೂರು. ಸೌಟಣ್ಣನ ಹೊಟ್ಟೆಗೆ ಬೆಂಕಿ ಬಿತ್ತು. ಒಂದೇ ಕಡಾಯಿ, ಒಂದೇ ಹೊಗೆ, ಅಕ್ಕಪಕ್ಕದ ಅಚ್ಚು. ಇಬ್ಬರಿಗೂ ಅದೇ ಮುಖವಾಡ, ಅದೇ ಸೋಪು, ಅದೇ ನಲ್ಲಿ. ಹಾಗಿದ್ದ ಮೇಲೆ ಇವನೊಬ್ಬನ ನಂಬರು ಇಳಿಯುವುದು ಹೇಗೆ?

ವಾರಕ್ಕೊಮ್ಮೆ ಶುಕ್ರವಾರ ಬರುವ ಡಾಕ್ಟರಮ್ಮ ಕಾರ್ಖಾನೆಗೆ ಹೊಸಬಳು. ಕೇಳಿದವರಿಗೆ ಬಿಡಿಸಿ ಹೇಳುವ ಸ್ವಭಾವ. ಸೌಟಣ್ಣ ಅವಳ ಮೇಜಿನ ಮುಂದೆ ಹೋಗಿ ಕೂತ.

"ಡಾಕ್ಟ್ರಮ್ಮ, ಸೀಸ ಮೈಯೊಳಗೆ ಹೋದ್ಮೇಲೆ ಎಲ್ಲಿರತ್ತೆ? ಆಮೇಲೆ ಹೆಂಗೆ ಹೊರಗೆ ಹೋಗತ್ತೆ?"

"ರಕ್ತದಲ್ಲಿರೋ ಸೀಸ ಹೆಚ್ಚುಕಮ್ಮಿ ಎಲ್ಲಾ ಕೆಂಪು ಕಣಗಳ ಒಳಗೇ ಇರತ್ತೆ" ಎಂದಳು ಡಾಕ್ಟರಮ್ಮ. "ನೂರರಲ್ಲಿ ಒಂದು ಪಾಲು ಕೂಡ ಹೊರಗಿನ ನೀರಲ್ಲಿ ಇರಲ್ಲ. ಆ ಕಣಕ್ಕೆ ಒಂದು ಬಾಗಿಲಿದೆ. ನಾವು ಉಸಿರಲ್ಲಿ ಬಿಡೋ ಕೆಟ್ಟ ಗಾಳಿ ಇದ್ಯಲ್ಲ, ಅದು ಉಪ್ಪಿನ ರೂಪದಲ್ಲಿ ಆ ಬಾಗಿಲಲ್ಲಿ ಓಡಾಡ್ತಾ ಇರತ್ತೆ. ಸೀಸ ಅದ್ರ ಜೊತೆ ಸೇರ್ಕೊಂಡು ಒಳಗೆ ನುಗ್ಗಿಬಿಡತ್ತೆ. ಒಳಗೆ ಹೋದದ್ದು ಅಲ್ಲಿರೋ ಕೆಂಪು ಪದಾರ್ಥಕ್ಕೆ, ರಕ್ತ ತಯಾರಿಗೆ ಬೇಕಾದ ಇನ್ನೊಂದು ಪದಾರ್ಥಕ್ಕೆ ಗಟ್ಟಿಯಾಗಿ ಅಂಟ್ಕೊಂಡು ಕೂರತ್ತೆ."

"ಕೂತಿದ್ದು ಏಳೋದೇ ಇಲ್ವಾ?"

"ಏಳತ್ತೆ. ಕಣದ ಗೋಡೇಲಿ ಒಂದು ಪಂಪು ಇದೆ ಅಂತ ಇಟ್ಕೊಳ್ಳಿ. ಕ್ಯಾಲ್ಸಿಯಂ ಹೊರಗೆ ಹಾಕೋದು ಅದ್ರ ಕೆಲಸ. ಸೀಸ ಕಂಡ್ರೂ ಕ್ಯಾಲ್ಸಿಯಮ್ಮೇ ಇರ್ಬೇಕು ಅಂತ ಹೊರಗೆ ಹಾಕತ್ತೆ. ಪಂಪು ಓಡ್ಬೇಕಾದ್ರೆ ಕಣಕ್ಕೆ ಶಕ್ತಿ ಬೇಕು. ಹೊರಗೆ ಬಿದ್ದ ಸೀಸದಲ್ಲಿ ಸ್ವಲ್ಪ ಮೂತ್ರದಲ್ಲಿ ಹೋಗತ್ತೆ, ಸ್ವಲ್ಪ ಮೂಳೆಗೆ ಹೋಗತ್ತೆ, ಸ್ವಲ್ಪ ಮತ್ತೆ ಅದೇ ಬಾಗಿಲಿಂದ ಒಳಗೆ ಬರತ್ತೆ."

ಡಾಕ್ಟರಮ್ಮ ಇನ್ನೂ ಏನೇನೋ ಹೇಳಿದಳು. ಕೈ ತೊಳೆಯುವುದು, ಉಗುರು ಕತ್ತರಿಸುವುದು, ಕೋಣೆಯೊಳಗೆ ಏನೂ ತಿನ್ನದಿರುವುದು. ಸೌಟಣ್ಣನ ಕಿವಿ ಪಂಪಿನ ಹತ್ತಿರವೇ ನಿಂತುಬಿಟ್ಟಿತ್ತು. ಹಾಗಾದರೆ ವಿಷಯ ಇದು! ಷಡ್ಡಕನ ಪಂಪು ಜೋರು, ತನ್ನ ಪಂಪು ಮಂಕು. ಅತ್ತೆಯ ಪ್ರೀತಿ ಅವನಿಗೆ, ನೀಟಾದ ಜಾಲರಿ ಅವನಿಗೆ, ಕೊನೆಗೆ ಕಣ್ಣಿಗೆ ಕಾಣದ ಕಣದ ಗೋಡೆಯಲ್ಲಿರುವ ಪಂಪು ಕೂಡ ಒಳ್ಳೆಯದು ಅವನಿಗೇ! ಮನೆಗೆ ಹೋಗಿ ಹೆಂಡತಿಗೆ ಹೇಳಿದರೆ ಅವಳು ಬಿದ್ದು ಬಿದ್ದು ನಕ್ಕಳು. "ನಿಮಗೆ ಹೊಟ್ಟೆಕಿಚ್ಚು ಪಡೋಕೆ ಇನ್ನೇನೂ ಸಿಗ್ಲಿಲ್ವಾ? ಅವನ ಪಂಪಂತೆ!" ಎಂದಳು. ಅವಳು ನಕ್ಕದ್ದು ಗಾಯಕ್ಕೆ ಉಪ್ಪು ಸವರಿದಂತಾಯಿತು.

ಪಂಪು ಜೋರಾಗಲು ಷಡ್ಡಕ ಏನೋ ಮಾಡುತ್ತಿದ್ದಾನೆ, ಅದನ್ನು ಗುಟ್ಟಾಗಿಟ್ಟಿದ್ದಾನೆ ಎಂದು ಸೌಟಣ್ಣ ತೀರ್ಮಾನಿಸಿದ. ಆಮೇಲೆ ಅವನು ಮೈಯೆಲ್ಲ ಕಣ್ಣಾದ. ಹೊಸದಾಗಿ ಮದುವೆಯಾದವರು ಕೂಡ ಒಬ್ಬರನ್ನೊಬ್ಬರು ಅಷ್ಟು ನೋಡುವುದಿಲ್ಲ. ಷಡ್ಡಕ ಬಟ್ಟೆ ಬದಲಾಯಿಸುವ ಕೋಣೆಯ ಮೆಟ್ಟಿಲನ್ನು ನಿಧಾನವಾಗಿ, ನಡುವೆ ಒಮ್ಮೆ ನಿಂತು ಹತ್ತುತ್ತಿದ್ದ. ಶಕ್ತಿ ಉಳಿಸುತ್ತಿದ್ದಾನೆ, ಪಂಪಿಗೆ ಶಕ್ತಿ ಬೇಕಲ್ಲ, ಕಳ್ಳ! ಊಟದ ಹೊತ್ತಿಗೆ ಅರ್ಧ ಡಬ್ಬಿ ಹಾಗೇ ಬಿಟ್ಟು ಬೆಂಚಿನ ಮೇಲೆ ಕಣ್ಣು ಮುಚ್ಚಿ ಒರಗುತ್ತಿದ್ದ. ಅದೂ ಲೆಕ್ಕಾಚಾರವೇ ಇರಬೇಕು. ಎಲ್ಲಕ್ಕಿಂತ ಹೆಚ್ಚಾಗಿ ಕಣ್ಣಿಗೆ ಬಿದ್ದದ್ದು ಅವನ ಫ್ಲಾಸ್ಕು. ಅದರ ತುಂಬ ಮನೆಯಿಂದ ತಂದ ಐಸು. ಬಿಡುವು ಸಿಕ್ಕಿದಾಗೆಲ್ಲ ಒಂದು ತುಂಡು ಬಾಯಿಗೆ ಹಾಕಿಕೊಂಡು ಕಟಕಟ ಕಡಿಯುತ್ತಿದ್ದ.

"ಏನೋ ಅದು, ಹೊತ್ತೂ ಇಲ್ಲ ಗೊತ್ತೂ ಇಲ್ಲ, ಐಸು ತಿಂತೀಯ?" ಎಂದು ಸೌಟಣ್ಣ ಒಂದು ದಿನ ಕೇಳಿದ.

"ಏನೋ ಅಣ್ಣ, ಬಾಯಿ ಬೇಡತ್ತೆ. ತಿನ್ನದಿದ್ರೆ ಸಮಾಧಾನವೇ ಇಲ್ಲ" ಎಂದು ಷಡ್ಡಕ ನಾಚಿಕೊಂಡು ನಕ್ಕ.

ನಗುತ್ತಾನೆ, ಗುಟ್ಟು ಬಿಡುವುದಿಲ್ಲ. ಸೌಟಣ್ಣ ಮರುದಿನವೇ ಫ್ಲಾಸ್ಕು ಕೊಂಡ. ಸೀಸದ ಪುಡಿ ಕೂತ ಕೈಯಿಂದಲೇ ತುಂಡು ಎತ್ತಿ ಎತ್ತಿ ಕಡಿದ. ಹಲ್ಲು ಜುಮ್ಮೆಂದವು, ಗಂಟಲು ಕಟ್ಟಿತು, ಬಿಡಲಿಲ್ಲ. ಇಂಥ ಬುದ್ಧಿವಂತಿಕೆ ಎರಕದ ಕೋಣೆಯಲ್ಲಿ ಮಾತ್ರ ಹುಟ್ಟಲು ಸಾಧ್ಯ.

ಆ ದಿನಗಳಲ್ಲೇ ಇನ್ನೊಂದು ಸಂಗತಿ ನಡೆಯಿತು. ಷಡ್ಡಕ ತುಂಬಿದ ಸೌಟು ಎತ್ತಿದವನು ತೂಗಾಡಿದ. ಸೀಸ ಅಚ್ಚಿನ ಹೊರಗೆ ಚೆಲ್ಲಿ ನೆಲದ ಮೇಲೆ ನಾಣ್ಯದಂತೆ ಹರಡಿತು. ಷಡ್ಡಕ ಗೋಡೆ ಹಿಡಿದು ನಿಂತ. ಮುಖ ಸುಣ್ಣ ಬಳಿದಂತೆ ಬೆಳ್ಳಗಿತ್ತು. ಕೋಣೆಯಲ್ಲಿ ಅದನ್ನು ನೋಡಿದವನು ಸೌಟಣ್ಣನೊಬ್ಬನೇ. ಮೇಸ್ತ್ರಿಗೆ ಹೇಳಬಹುದಿತ್ತು, ಅವನ ಹೆಂಡತಿಗೆ ಹೇಳಬಹುದಿತ್ತು. ಏನಾಯಿತೋ ಎಂದು ಒಂದು ಮಾತು ಕೇಳಬಹುದಿತ್ತು. "ಧಾರೆ ತುಂಡಾಯ್ತಲ್ಲ" ಎಂದು ಒಳಗೊಳಗೇ ಹಿಗ್ಗಿ, ತನ್ನ ಅಚ್ಚಿನ ಕಡೆ ತಿರುಗಿದ.

ಮೂರನೆಯ ಪರೀಕ್ಷೆಯ ನಂಬರು ಬಂತು. ಸೌಟಣ್ಣ ನಲವತ್ತೇಳು. ಷಡ್ಡಕ ಇಪ್ಪತ್ತೇಳು.

ಜನ ಷಡ್ಡಕನ ಬೆನ್ನು ತಟ್ಟಿದರು. ಇಪ್ಪತ್ತೇಳು ಎಂದರೆ ಕಚೇರಿಯಲ್ಲಿ ಕೂತು ಕಾಗದ ಬರೆಯುವವನ ನಂಬರು ಎಂದು ಯಾರೋ ಅಂದರು. ಸೋಮವಾರ ಮ್ಯಾನೇಜರು ಹೊಸ ಮೇಸ್ತ್ರಿಯ ಹೆಸರು ಹೇಳುವವನಿದ್ದ. ಸೌಟಣ್ಣ ಆ ನಂಬರನ್ನು ನಂಬಲಿಲ್ಲ. ಮೋಸ. ಇದರಲ್ಲಿ ಖಂಡಿತ ಮೋಸವಿದೆ. ಬೇರೆ ಯಾರದ್ದೋ ರಕ್ತ ಕೊಟ್ಟಿರಬೇಕು, ಇಲ್ಲವೇ ನೀರು ಬೆರೆಸಿರಬೇಕು. ಶುಕ್ರವಾರ ಬೆಳಿಗ್ಗೆ ಡಾಕ್ಟರಮ್ಮ ಬ್ಯಾಗು ಮೇಜಿನ ಮೇಲಿಡುವ ಮೊದಲೇ ಅವನು ಬಾಗಿಲಲ್ಲಿದ್ದ.

"ಆ ಇಪ್ಪತ್ತೇಳು ಸುಳ್ಳು ಡಾಕ್ಟ್ರಮ್ಮ. ನಿಮ್ಮ ಕಣ್ಣೆದುರೇ ಅವನ ರಕ್ತ ತೆಗೀರಿ. ನಂದೂ ತೆಗೀರಿ. ಪಕ್ಕಪಕ್ಕ ಇಟ್ಟು ನೋಡಿ."

"ಸುಳ್ಳು ಅಂತ ನಿಮಗೆ ಯಾಕನ್ಸತ್ತೆ?"

ಆಗ ಸೌಟಣ್ಣ ಕಂಡದ್ದನ್ನೆಲ್ಲ ಕಕ್ಕಿದ. ಮೆಟ್ಟಿಲಿನಲ್ಲಿ ನಿಲ್ಲುವುದು, ಊಟ ಬಿಡುವುದು, ಐಸು ಕಡಿಯುವುದು, ಸೌಟು ಹಿಡಿದು ತೂಗಾಡಿದ್ದು. ಷಡ್ಡಕನ ಕಳ್ಳತನದ ಪಟ್ಟಿ ಎಂದುಕೊಂಡು ಒಂದೊಂದೇ ಬೆರಳು ಮಡಿಸುತ್ತ ಹೇಳಿದ. ಡಾಕ್ಟರಮ್ಮ ಐಸಿನ ಮಾತು ಬಂದಾಗ ತಲೆ ಎತ್ತಿದಳು. ತೂಗಾಡಿದ ಮಾತು ಬಂದಾಗ ಎದ್ದು ನಿಂತಳು. "ಅವ್ರನ್ನ ಈಗ್ಲೇ ಕರೀರಿ" ಎಂದಳು.

ಇಬ್ಬರ ರಕ್ತವನ್ನೂ ತೆಗೆದಳು. ಕಡ್ಡಿಗಿಂತ ಸಣ್ಣ ಎರಡು ಗಾಜಿನ ಕೊಳವೆಗಳಿಗೆ ಅದನ್ನು ಏರಿಸಿ, ಮೂಲೆಯಲ್ಲಿದ್ದ ಗಿರಗಿರ ತಿರುಗುವ ಯಂತ್ರಕ್ಕೆ ಹಾಕಿದಳು. ಷಡ್ಡಕನನ್ನು ಒಳಗಿನ ಮಂಚದ ಮೇಲೆ ಮಲಗಿಸಿ, ಕಣ್ಣಿನ ಕೆಳರೆಪ್ಪೆ ಎಳೆದು ನೋಡಿ, ಪರದೆ ಎಳೆದು ಅವನ ಹತ್ತಿರ ಮೆಲ್ಲಗೆ ಏನೋ ಕೇಳಿದಳು. ಅವನು ಮೆಲ್ಲಗೆ ಏನೋ ಹೇಳಿದ. ಹೊರಗೆ ಬಂದು ಯಂತ್ರ ನಿಲ್ಲಿಸಿ ಎರಡು ಕೊಳವೆಗಳನ್ನೂ ಬೆಳಕಿಗೆ ಹಿಡಿದಳು.

"ನೋಡಿ. ಕೆಂಪು ಕಣ ಭಾರ, ಅದಕ್ಕೆ ಕೆಳಗೆ ಕೂತಿದೆ. ಮೇಲಿರೋದು ಬರೀ ಹಳದಿ ನೀರು. ಇದು ನಿಮ್ಮದು, ಹತ್ರಹತ್ರ ಅರ್ಧ ಕೊಳವೆ ಕೆಂಪಿದೆ. ಇದು ಅವ್ರದ್ದು."

ಷಡ್ಡಕನ ಕೊಳವೆಯಲ್ಲಿ ಕೆಂಪು ಐದರಲ್ಲಿ ಒಂದು ಪಾಲು ಕೂಡ ಇದ್ದಂತೆ ಕಾಣಲಿಲ್ಲ. ಉಳಿದದ್ದೆಲ್ಲ ಪೇಲವ ನೀರು.

"ಅಂದ್ರೆ ನೀರು ಬೆರೆಸಿದಾನೆ!" ಎಂದ ಸೌಟಣ್ಣ. ಅಷ್ಟು ಹೊತ್ತಿನಲ್ಲೂ ಅವನ ಬಾಯಿಂದ ಬಂದದ್ದು ಅದೇ.

ಡಾಕ್ಟರಮ್ಮ ಅವನ ಮುಖವನ್ನೇ ನೋಡಿದಳು. "ಅವ್ರಿಗೆ ರಕ್ತವೇ ಇಲ್ಲ. ಮೂಲವ್ಯಾಧಿ ಅಂತೆ, ವರ್ಷದಿಂದ ರಕ್ತ ಹೋಗ್ತಿದೆ. ನಾಚಿಕೆಗೆ ಹೆಂಡ್ತಿಗೂ ಹೇಳಿಲ್ಲ. ಹಾಗೆ ಕಬ್ಬಿಣದಂಶ ಹೋದೋರಿಗೆ ಐಸು ತಿನ್ನೋ ಚಟ ಹತ್ತತ್ತೆ."

"ಮತ್ತೆ ಅವನ ಪಂಪು? ಇಪ್ಪತ್ತೇಳು?"

"ಪಂಪು ಅವ್ರದ್ದೂ ಅಷ್ಟೇ, ನಿಮ್ಮದೂ ಅಷ್ಟೇ. ಸೀಸ ಕೂರೋದು ಕೆಂಪು ಕಣದಲ್ಲಿ ಅಂತ ಹೇಳಿದ್ನಲ್ಲ. ಅವ್ರ ಮೈಯಿಂದ ಸೀಸ ಹೊರಗೆ ಹೋಗಿಲ್ಲ, ಕೂರೋಕೆ ಕಣಗಳೇ ಇಲ್ಲ. ಅದಕ್ಕೇ ನಂಬರು ಇಳೀತಾ ಬಂತು. ಇರೋ ಒಂದೊಂದು ಕಣ ನಿಮ್ಮ ಕಣಕ್ಕಿಂತ ಜಾಸ್ತಿ ಹೊತ್ತಿದೆ. ರಕ್ತ ಸರಿಯಾಗಿದ್ದಿದ್ರೆ ಅವ್ರದ್ದು ಅರವತ್ತರ ಹತ್ರ ಬರ್ತಿತ್ತು." ಅವಳು ಪರೀಕ್ಷೆಯ ಕಾಗದ ತೆಗೆದು ನಂಬರಿನ ಪಕ್ಕದ ಖಾಲಿ ಖಾನೆಯ ಮೇಲೆ ಬೆರಳಿಟ್ಟಳು. "ರಕ್ತ ಎಷ್ಟಿದೆ ಅಂತ ಇಲ್ಲಿ ಬರೀಬೇಕಿತ್ತು. ನಂಗಿಂತ ಮುಂಚೆ ಇದ್ದೋರೂ ಬರೀಲಿಲ್ಲ, ನಾನೂ ಬರೀಲಿಲ್ಲ. ನೀವು ಇವತ್ತು ಬರದೇ ಇದ್ದಿದ್ರೆ ಅವರು ಯಾವತ್ತೋ ಆ ಕಡಾಯಿಗೇ ಬೀಳ್ತಿದ್ರು."

ಗೋಡೆ ಹಿಡಿದು ನಿಂತ ಆ ಬೆಳ್ಳನೆಯ ಮುಖ ಸೌಟಣ್ಣನ ಕಣ್ಣಿಗೆ ಕಟ್ಟಿತು. ನೋಡಿದ್ದವನು ತಾನೊಬ್ಬನೇ.

ಅಂದೇ ಮಧ್ಯಾಹ್ನ ಷಡ್ಡಕನನ್ನು ಆಸ್ಪತ್ರೆಗೆ ಸೇರಿಸಿದರು. ರಕ್ತ ಕೊಡಬೇಕು, ಹೊಂದುವವರು ಯಾರಿದ್ದೀರಿ ಎಂದು ನರ್ಸು ಕೇಳಿದಾಗ ಎಲ್ಲರಿಗಿಂತ ಮೊದಲು ಅಂಗಿಯ ತೋಳು ಮಡಿಸಿದವನು ಸೌಟಣ್ಣ. ಕೊಟ್ಟುಬಿಟ್ಟರೆ ಎದೆಯ ಮೇಲಿನ ಕಲ್ಲು ಇಳಿಯುತ್ತದೆ ಎಂದು ಅವನ ಆಸೆ. ನರ್ಸು ಏನು ಕೆಲಸ ಎಂದು ಕೇಳಿದಳು, ಹೇಳಿದ. ಅವಳು ಒಳಗೆ ಹೋಗಿ ವಿಚಾರಿಸಿಕೊಂಡು ಬಂದು, "ಬೇಡ, ನಿಮ್ಮ ರಕ್ತದಲ್ಲಿ ಸೀಸ ಇದೆ. ಅವ್ರಿಗೆ ಇರೋದೇ ಸಾಕಾಗಿದೆ" ಎಂದಳು. ಸೌಟಣ್ಣನ ಹೆಂಡತಿಯ ರಕ್ತ ಹೊಂದಿತು. ಅವಳು ಮಲಗಿ ಮುಷ್ಟಿ ಬಿಗಿದು ಬಿಗಿದು ಚೀಲ ತುಂಬಿಸಿಕೊಟ್ಟಳು. ಮರುದಿನ ಆ ಚೀಲ ಷಡ್ಡಕನ ಮಂಚದ ಮೇಲೆ ನೇತಾಡುವುದನ್ನು ಕಂಡಾಗ ಸೌಟಣ್ಣನಿಗೆ ಮತ್ತೆ ಚುರ್ ಎಂದಿತು. ತನ್ನ ಹೆಂಡತಿಯ ರಕ್ತವೂ ಕೊನೆಗೆ ಇವನ ಪಾಲಿಗೇ! ಅನಿಸಿದ ಕೂಡಲೇ ನಾಲಿಗೆ ಕಚ್ಚಿಕೊಂಡ. ಇದಕ್ಕಿಂತ ನಾಚಿಕೆಗೇಡು ಉಂಟೇ?

ಹೊರಗಿನ ಬೆಂಚಿನಲ್ಲಿ ಕೂತಿದ್ದ ಅತ್ತೆ ಅವನನ್ನು ಕಂಡವಳೇ ಎದ್ದು ಬಂದು ಎರಡೂ ಕೈ ಹಿಡಿದುಕೊಂಡಿದ್ದಳು. "ಮನೇಲಿರೋ ನಮಗೇ ಕಾಣ್ಲಿಲ್ಲ, ನಿಮಗೆ ಕಂಡಿತು. ನಿಮ್ಮಂಥ ಅಳಿಯ ನಂಗೆ ಇನ್ನೊಬ್ಬ ಇಲ್ಲ" ಎಂದು ಅತ್ತಿದ್ದಳು. ಹದಿನೈದು ವರ್ಷ ಕಾದರೂ ಸಿಗದಿದ್ದ ಮಾತು. ಸೌಟಣ್ಣ ತಲೆ ತಗ್ಗಿಸಿ ಒಳಗೆ ಬಂದಿದ್ದ.

ಕುರ್ಚಿ ಎಳೆದು ಕೂತ. ಷಡ್ಡಕ ಕಣ್ಣು ತೆರೆದು, "ಅಣ್ಣ, ನೀವು ಹೋಗಿ ಹೇಳದೇ ಇದ್ದಿದ್ರೆ ನಾನು..." ಎಂದು ಶುರುಮಾಡಿದ.

"ನಿಲ್ಸು. ನಿನಗೋಸ್ಕರ ಹೋಗ್ಲಿಲ್ಲ ನಾನು. ನೀನು ಮೋಸ ಮಾಡ್ತಿದೀಯ ಅಂತ ದೂರು ಕೊಡೋಕೆ ಹೋಗಿದ್ದೆ. ನೀನು ಸೌಟು ಚೆಲ್ಲಿದ ದಿನ ನೋಡಿದ್ದೆ. ನೋಡಿ ಸುಮ್ನಿದ್ದೆ. ಖುಷಿಪಟ್ಟೆ ಕಣೋ."

ಷಡ್ಡಕ ಕಣ್ಣನ್ನು ಸೂರಿನ ಕಡೆ ತಿರುಗಿಸಿದ.

"ಈಗ ನನ್ನ ನಂಬರು ಎಷ್ಟಂತೆ?" ಎಂದು ಕೇಳಿದ.

"ಲೆಕ್ಕ ಹಾಕಿದ್ರೆ ಅರವತ್ತಂತೆ."

"ಹಂಗಾದ್ರೆ ನನ್ನನ್ನ ಇನ್ನು ಕಡಾಯಿ ಹತ್ರ ಬಿಡಲ್ಲ."

"ಬಿಡಲ್ಲ."

"ನಿಮ್ಮದು ನಲವತ್ತೇಳು ಅಲ್ವಾ?"

"ಹೂಂ."

"ಹಂಗಾದ್ರೆ ನೀವೇ ಮೇಸ್ತ್ರಿ" ಎಂದ ಷಡ್ಡಕ.

ಅವನ ಮಾತಿನಲ್ಲಿ ಕೊಂಕಿರಲಿಲ್ಲ, ಇದ್ದ ವಿಷಯ ಹೇಳಿದ ಅಷ್ಟೇ. ಆದರೆ ಆ ಮಾತು ಕಿವಿಗೆ ಬಿದ್ದ ಗಳಿಗೆಯಲ್ಲಿ ಸೌಟಣ್ಣನಿಗೆ ಖುಷಿಯಾಯಿತು. ಇಷ್ಟೆಲ್ಲ ಆದ ಮೇಲೂ, ಈ ಮಂಚದ ಪಕ್ಕದಲ್ಲಿ ಕೂತೂ, ಹೊಟ್ಟೆಯ ತಳದಿಂದ ಹಾಲು ಉಕ್ಕಿದಂತೆ ಖುಷಿ ಉಕ್ಕಿತು. ಅದನ್ನು ಅದುಮಲು ನೋಡಿದ, ಆಗಲಿಲ್ಲ. ಮುಖದಲ್ಲಿ ಕಂಡೇ ಕಂಡಿತು. ಷಡ್ಡಕ ಅದನ್ನು ನೋಡಿದ. ನೋಡಿ ಗೋಡೆಯ ಕಡೆ ಹೊರಳಿದ.

ಹೊರಳಿದ ರಭಸಕ್ಕೆ ಕೈಯಲ್ಲಿದ್ದ ಸೂಜಿಯ ಕೊಳವೆ ಬಿಗಿಯಾಯಿತು, ಚೀಲ ಅಲ್ಲಾಡಿತು.

"ಆ ಕಡೆ ತಿರುಗ್ಬೇಡ ಕಣೋ, ಸೂಜಿ ಕಿತ್ತುಹೋಗತ್ತೆ" ಎಂದ ಸೌಟಣ್ಣ.

ಷಡ್ಡಕ ತಿರುಗಲಿಲ್ಲ. ಸೌಟಣ್ಣ ಕುರ್ಚಿಯನ್ನು ಮಂಚಕ್ಕೆ ಒತ್ತಿ ಎಳೆದುಕೊಂಡು, ಹಿಂದೆ ಚಾಚಿದ್ದ ಆ ತಣ್ಣನೆಯ ಕೈಯನ್ನು ತನ್ನ ಎರಡೂ ಕೈಯಲ್ಲಿ ಎತ್ತಿ ಹಿಡಿದು, ಚೀಲ ಖಾಲಿಯಾಗುವವರೆಗೆ ಅಲ್ಲಾಡದೆ ಕೂತ.